ಕೆಲಸ ಬಿಟ್ಟವನ ಫೋನಿನಲ್ಲಿ ಉಳಿದ ಪಾಸ್‌ವರ್ಡ್: ವೈಫೈಗೆ ಯಾವ ಬೀಗ, ಯಾರಿಗೆ ಎಲ್ಲಿವರೆಗೆ ದಾರಿ

ಘಾಟ್ಕೋಪರ್‌ನ ಒಂದು ಉಡುಪಿ ಹೋಟೆಲ್. ಮಧ್ಯಾಹ್ನ ಒಂದೂವರೆ ಗಂಟೆ, ಕಾಲಿಡಲು ಜಾಗವಿಲ್ಲದ ಹೊತ್ತು. ಅಡುಗೆಮನೆಗೆ ಆರ್ಡರ್ ತಿಳಿಸುವ ಕೆಒಟಿ ಪ್ರಿಂಟರ್ ಒಂದು ಚೀಟಿ ಬಿಟ್ಟಿತು: ಟೇಬಲ್ 12, ಮಸಾಲೆ ದೋಸೆ 20. ಭಟ್ರು ಕಾವಲಿಗೆ ನೀರು ಚಿಮುಕಿಸಿ ಹಿಟ್ಟು ಹೊಯ್ಯತೊಡಗಿದರು. ಏಳನೇ ದೋಸೆ ಮಡಚುವಾಗ ಗೊತ್ತಾಯಿತು, 12ನೇ ಟೇಬಲಿನಲ್ಲಿ ಕೂತವರು ಗಂಡ ಹೆಂಡತಿ ಇಬ್ಬರೇ, ಅವರು ಕೇಳಿದ್ದು ಎರಡು ಪ್ಲೇಟ್ ಇಡ್ಲಿ. ಆ ವಾರ ಹೀಗೆ ಮೂರು ಸಲ ಆಯಿತು.

ಮರುದಿನ ನಾನು ಹೋದಾಗ ಮಾಲಕ ಶೆಟ್ರು ಗಲ್ಲಾದಿಂದಲೇ ಕೇಳಿದರು, "ಎಂತ ಮಗಾ ಇದು, ವೈಫೈಗೆ ಪಾಸ್‌ವರ್ಡ್ ಉಂಟಲ್ಲ?"

ಉಂಟು. ಆದರೆ ಅದೇ ಪಾಸ್‌ವರ್ಡ್ ಎರಡು ತಿಂಗಳ ಹಿಂದೆ ಸಂಬಳದ ವಿಷಯಕ್ಕೆ ಜಗಳವಾಡಿ ಹೋದ, ಟೇಬಲಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದ ಕ್ಯಾಪ್ಟನ್‌ನ ಫೋನಿನಲ್ಲೂ ಇತ್ತು. ಆರ್ಡರ್ ತೆಗೆದುಕೊಳ್ಳುವ ಆ್ಯಪ್ ಕೂಡ ಇತ್ತು. ಎದುರಿನ ಬೆಸ್ಟ್ ಬಸ್ ಸ್ಟಾಪಿನಲ್ಲಿ ನಿಂತರೆ ಸಾಕು, ಫೋನ್ ತಾನಾಗಿ ಹೋಟೆಲಿನ ವೈಫೈಗೆ ಸೇರಿಕೊಳ್ಳುತ್ತಿತ್ತು. ಅವನು ಹೋದ ದಿನವೇ ಪಾಸ್‌ವರ್ಡ್ ಯಾಕೆ ಬದಲಿಸಲಿಲ್ಲ ಎಂದು ಕೇಳಿದೆ. ಶೆಟ್ರು ಬೆರಳು ಮಡಚಿ ಎಣಿಸಿದರು: ಬಿಲ್ಲಿಂಗ್ ಮಷಿನ್ ಎರಡು, ಪ್ರಿಂಟರ್ ಮೂರು, ಕ್ಯಾಮೆರಾ ಎಂಟು, ಕ್ಯಾಪ್ಟನ್‌ಗಳ ಫೋನ್ ಆರು, ತಮ್ಮದೊಂದು. ಒಬ್ಬ ಹೋದದ್ದಕ್ಕೆ ಇಪ್ಪತ್ತು ಕಡೆ ಬದಲಾವಣೆ. ಯಾರು ಮಾಡುತ್ತಾರೆ?

ನಾನು ಇರುವುದು ಡೊಂಬಿವ್ಲಿಯಲ್ಲಿ. ಹದಿನಾರು ವರ್ಷದಿಂದ ಹೋಟೆಲ್, ಲಾಡ್ಜ್, ಸಿಎ ಆಫೀಸು, ಹಾಸ್ಟೆಲ್‌ಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಕೆಲಸ. ನನ್ನ ಅಪ್ಪ ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಯಾರೇ ಕೆಲಸ ಬಿಟ್ಟರೂ ಮೊದಲು ಅವನ ಹತ್ತಿರವಿದ್ದ ಸ್ಟೋರ್ ರೂಮಿನ ಕೀಲಿ ಮೇಜಿನ ಮೇಲೆ ಬೀಳಬೇಕು, ಆಮೇಲೆ ಲೆಕ್ಕ ಚುಕ್ತಾ. ವೈಫೈಗೆ ಯಾವ ವಿಧಾನ ಎಂದು ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದೂ ಇದನ್ನೇ: ಒಬ್ಬ ಹೊರಟ ದಿನ, ಉಳಿದವರನ್ನು ಮುಟ್ಟದೆ, ಅವನೊಬ್ಬನ ಕೀಲಿ ವಾಪಸ್ ಪಡೆಯಲು ಬರುತ್ತದೆಯೇ? ಪಾಸ್‌ವರ್ಡ್ ಎಷ್ಟು ಗಟ್ಟಿ ಎಂಬ ಪ್ರಶ್ನೆ ಅದರ ನಂತರದ್ದು.

ಗೇಟು ಬೇರೆ, ಲಿಫ್ಟು ಬೇರೆ

ಮುಂಬೈಯ ಯಾವುದೇ ಸೊಸೈಟಿಯ ಗೇಟನ್ನು ನೆನಪಿಸಿಕೊಳ್ಳಿ. ಬಂದವರು ಯಾರು ಎಂದು ತಿಳಿದುಕೊಳ್ಳುವುದು ಒಂದು ಕೆಲಸ, ಇದು ದೃಢೀಕರಣ. ಒಳಗೆ ಬಂದವರು ಯಾವ ಮಹಡಿಯವರೆಗೆ ಹೋಗಬಹುದು ಎನ್ನುವುದು ಇನ್ನೊಂದು, ಇದು ಪ್ರವೇಶ ನಿಯಂತ್ರಣ. ಹೆಚ್ಚಿನ ಕಡೆ ನಾನು ಕಾಣುವುದು ಗೇಟಿಗೆ ಬೀಗ ಇದ್ದು ಒಳಗೆ ಎಲ್ಲ ಬಾಗಿಲೂ ತೆರೆದಿರುವ ವೈಫೈ. ಬಾಳೆಹಣ್ಣಿನ ಬನ್ಸ್ ತಿನ್ನಲು ಬಂದ ಗಿರಾಕಿಯ ಫೋನಿಗೂ ಬಿಲ್ಲಿಂಗ್ ಮಷಿನ್ನಿಗೂ ನಡುವೆ ಗೋಡೆಯೇ ಇಲ್ಲ. ಅಡುಗೆಮನೆಯ ನೆಟ್‌ವರ್ಕ್ ಪ್ರಿಂಟರುಗಳು ಸಾಮಾನ್ಯವಾಗಿ 9100ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಕಿವಿಗೊಟ್ಟು ಕೂತಿರುತ್ತವೆ, ಕಳಿಸಿದ್ದು ಯಾರೆಂದು ಕೇಳದೆ ಮುದ್ರಿಸುತ್ತವೆ.

ಆದ್ದರಿಂದ ಕೆಲಸ ಶುರುವಾಗುವುದು ಕಾಗದದಲ್ಲಿ. ಎಡಗಡೆ ಯಾರು, ಯಾವ ಸಾಧನ. ಬಲಗಡೆ ಅವರು ಎಲ್ಲಿಗೆ ಹೋಗಬೇಕು. ಶೆಟ್ರ ಹೋಟೆಲಿಗೆ ಬರೆದದ್ದು ಇಷ್ಟು: ಕ್ಯಾಪ್ಟನ್‌ಗಳ ಫೋನಿಗೆ ಬಿಲ್ಲಿಂಗ್ ಮಷಿನ್ನಿನ ಒಂದೇ ಒಂದು ಪೋರ್ಟು, ಪ್ರಿಂಟರಿಗೆ ಮಾತಾಡುವುದು ಬಿಲ್ಲಿಂಗ್ ಮಷಿನ್ ಮಾತ್ರ, ಕ್ಯಾಮೆರಾಗಳಿಗೆ ರೆಕಾರ್ಡರ್ ಬಿಟ್ಟರೆ ಬೇರೇನೂ ಬೇಡ, ಇಂಟರ್ನೆಟ್ ಕೂಡ ಬೇಡ, ಗಿರಾಕಿಗಳಿಗೆ ಇಂಟರ್ನೆಟ್ ಮಾತ್ರ, ಒಬ್ಬರ ಫೋನ್ ಇನ್ನೊಬ್ಬರಿಗೆ ಕಾಣಬಾರದು. ಈ ಕಾಗದ ಕೈಯಲ್ಲಿಲ್ಲದೆ ರೂಟರಿನ ಸೆಟ್ಟಿಂಗ್ ತೆರೆಯಬೇಡಿ.

ಬೀಗವೇ ಅಲ್ಲದವು

ವೈಫೈ ಹೆಸರು ಬಚ್ಚಿಡುವುದರಿಂದ ಪ್ರಯೋಜನವಿಲ್ಲ. ಫೋನ್ ಸೇರುವಾಗ ಆ ಹೆಸರನ್ನು ಗಾಳಿಯಲ್ಲಿ ಹೇಳಿಯೇ ಹೇಳುತ್ತದೆ. ಸಾಧನದ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ನೋಡಿ ಒಳಬಿಡುವ ಪಟ್ಟಿಯೂ ಹಾಗೆಯೇ. ಪ್ರತಿ ಸಾಧನದ ಮ್ಯಾಕ್ ವಿಳಾಸ ಬಯಲಲ್ಲಿ ಹಾರಾಡುತ್ತದೆ, ಅದನ್ನು ನೋಡಿ ತನ್ನ ಲ್ಯಾಪ್‌ಟಾಪಿಗೆ ಹಚ್ಚಿಕೊಳ್ಳಲು ಒಂದು ನಿಮಿಷ ಬೇಡ. ಅದರ ಮೇಲೆ, 2020ರ ಐಒಎಸ್ 14ರಿಂದ ಐಫೋನ್, ಆಂಡ್ರಾಯ್ಡ್ 10ರಿಂದ ಉಳಿದ ಫೋನುಗಳು ಪ್ರತಿ ವೈಫೈಗೂ ಬೇರೆ ಬೇರೆ ಕೃತಕ ಮ್ಯಾಕ್ ವಿಳಾಸ ಕೊಡುತ್ತವೆ. ಪಟ್ಟಿ ಇಟ್ಟುಕೊಂಡವರಿಗೆ ಉಳಿಯುವುದು ತಲೆನೋವು.

ವೈಫೈಯ ಮೊದಲ ರಕ್ಷಣಾ ವಿಧಾನವಾದ ವೆಪ್ ಇದ್ದರೆ ತೆಗೆದುಹಾಕಿ. 1997ರದು, 2001ರಲ್ಲೇ ಅದರ ಆರ್‌ಸಿ4 ಗೂಢಲಿಪಿ ಬಳಕೆಯ ದೋಷ ಬಯಲಾಗಿತ್ತು. ಅದರ ಜಾಗಕ್ಕೆ 2003ರಲ್ಲಿ ಬಂದ ಟಿಕಿಪ್ ಹಳೆಯ ಯಂತ್ರಗಳಿಗಾಗಿ ಮಾಡಿದ ತಾತ್ಕಾಲಿಕ ತೇಪೆ, ಅದನ್ನೂ ಆಫ್ ಮಾಡಿ. ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸೇರಿಸುವ ಡಬ್ಲ್ಯುಪಿಎಸ್ ಕೂಡ ಬೇಡ. ಎಂಟಂಕಿಯ ಪಿನ್ ಎಂದರೆ ಹತ್ತು ಕೋಟಿ ಸಾಧ್ಯತೆ ಎಂದು ಕಾಣುತ್ತದೆ. ಆದರೆ ರೂಟರ್ ಮೊದಲ ನಾಲ್ಕು ಅಂಕಿಗಳನ್ನು ಬೇರೆಯಾಗಿ ಪರೀಕ್ಷಿಸಿ ಉತ್ತರ ಕೊಡುತ್ತದೆ, ಕೊನೆಯ ಅಂಕಿ ಬರೀ ತಾಳೆಯ ಅಂಕಿ. ಹಾಗಾಗಿ 10,000ಕ್ಕೆ 1,000 ಸೇರಿಸಿ ಒಟ್ಟು 11,000 ಪ್ರಯತ್ನ ಸಾಕು. ಇದು 2011ರಲ್ಲಿ ಗೊತ್ತಾದದ್ದು, ಇವತ್ತಿಗೂ ಎಷ್ಟೋ ರೂಟರುಗಳಲ್ಲಿ ಅದು ಆನ್ ಆಗಿಯೇ ಬರುತ್ತದೆ.

ಎಲ್ಲರಿಗೂ ಒಂದೇ ಪಾಸ್‌ವರ್ಡ್

ವೆಪ್ ನಂತರದ ರಕ್ಷಣಾ ವಿಧಾನವಾದ ಡಬ್ಲ್ಯುಪಿಎ2 ಬಂದದ್ದು 2004ರಲ್ಲಿ. ಅದರ ಎಇಎಸ್ ಗೂಢಲಿಪಿ ಈಗಲೂ ಗಟ್ಟಿ. ಸೋಲುವುದು ಪಾಸ್‌ವರ್ಡ್. ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಸೇರಿಸಿ 4,096 ಸುತ್ತು ಅರೆದು ಒಂದು ಮೂಲ ಕೀಲಿ ತಯಾರಾಗುತ್ತದೆ. ಆಮೇಲೆ ಫೋನ್ ಮತ್ತು ವೈಫೈ ಸಿಗ್ನಲ್ ಬಿಡುವ ಆ್ಯಕ್ಸೆಸ್ ಪಾಯಿಂಟ್ ನಾಲ್ಕು ಸಂದೇಶ ವಿನಿಮಯ ಮಾಡಿಕೊಂಡು, ಇಬ್ಬರ ಬಳಿಯೂ ಅದೇ ಕೀಲಿ ಇದೆ ಎಂದು ಖಚಿತಪಡಿಸಿಕೊಳ್ಳುತ್ತವೆ. ಹ್ಯಾಂಡ್‌ಶೇಕ್ ಎನ್ನುವ ಈ ನಾಲ್ಕು ಸಂದೇಶಗಳನ್ನು ಹೊರಗೆ ನಿಂತವನು ಹಿಡಿದಿಟ್ಟುಕೊಂಡರೆ ಆಯಿತು. ಮನೆಗೆ ಹೋಗಿ ಒಂದೊಂದೇ ಪಾಸ್‌ವರ್ಡ್ ಊಹಿಸಿ ತಾಳೆ ನೋಡುತ್ತಾ ಕೂರಬಹುದು, ನಿಮಗೆ ಸುಳಿವೂ ಸಿಗುವುದಿಲ್ಲ.

ಇದನ್ನು ಶೆಟ್ರಿಗೆ ಲೆಕ್ಕದಲ್ಲೇ ತೋರಿಸಿದೆ. ಅವರ ಪಾಸ್‌ವರ್ಡ್ ಹೋಟೆಲಿನ ಮೊಬೈಲ್ ನಂಬರ್. ನಮ್ಮ ದೇಶದ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಶುರುವಾಗುತ್ತದೆ, ಅಂದರೆ ಹೆಚ್ಚೆಂದರೆ 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ಊಹೆ ಮಾಡುತ್ತದೆಂದು ಹಿಡಿಯಿರಿ, ಇದು ಕಡಿಮೆ ಲೆಕ್ಕವೇ. 4,000 ಸೆಕೆಂಡಿನಲ್ಲಿ ಎಲ್ಲ ನಂಬರ್ ಮುಗಿಯಿತು. ನಾನು ಡೊಂಬಿವ್ಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿಯುವಷ್ಟು ಹೊತ್ತು. ಅದೇ ನಂಬರ್ ಬಿಲ್ಲಿನ ಮೇಲೂ ಬೋರ್ಡಿನ ಮೇಲೂ ಅಚ್ಚಾಗಿದೆ ಎಂಬುದು ಬೇರೆ ಮಾತು.

2018ರಲ್ಲಿ ಬಂದ ಡಬ್ಲ್ಯುಪಿಎ3 ಈ ಬಾಗಿಲನ್ನು ಮುಚ್ಚಿತು. ಅದರ ಎಸ್‌ಎಇ ವಿಧಾನದಲ್ಲಿ ಪ್ರತಿ ಊಹೆಗೂ ಆ್ಯಕ್ಸೆಸ್ ಪಾಯಿಂಟಿನ ಎದುರೇ ಬಂದು ಕೇಳಬೇಕು, ಮನೆಗೆ ಕೊಂಡೊಯ್ಯಲು ಏನೂ ಸಿಗದು. ನಾಳೆ ಪಾಸ್‌ವರ್ಡ್ ಸೋರಿದರೂ ನಿನ್ನೆ ಹಿಡಿದಿಟ್ಟ ಸಂಭಾಷಣೆ ಬಿಡಿಸಲು ಬರುವುದಿಲ್ಲ. 2019ರಲ್ಲಿ ಮ್ಯಾಥಿ ವಾನ್‌ಹೂಫ್ ಮತ್ತು ಇಯಾಲ್ ರೋನೆನ್ ಇದರಲ್ಲೂ ಬಿರುಕು ತೋರಿಸಿದರು, ನಂತರ ಅದಕ್ಕೆ ತಿದ್ದುಪಡಿ ಬಂತು. ಆದ್ದರಿಂದ ಆ್ಯಕ್ಸೆಸ್ ಪಾಯಿಂಟಿನ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ಹಳೆಯದಿದ್ದರೆ ಮೊದಲು ಅದನ್ನು ಹೊಸದು ಮಾಡಿ. ಇದೇ ವಾನ್‌ಹೂಫ್ 2017ರಲ್ಲಿ ಡಬ್ಲ್ಯುಪಿಎ2ರ ಹ್ಯಾಂಡ್‌ಶೇಕಿನ ಮೂರನೇ ಸಂದೇಶವನ್ನು ಮತ್ತೆ ಮತ್ತೆ ಕಳಿಸಿ ಕೀಲಿಯ ಲೆಕ್ಕವನ್ನು ಮೊದಲಿಗೆ ತರುವ ಕ್ರ್ಯಾಕ್ ದಾಳಿಯನ್ನೂ ತೋರಿಸಿದ್ದರು.

ಒಂದು ಎಚ್ಚರಿಕೆ. ಹಳೆಯ ಫೋನುಗಳಿಗಾಗಿ ಎರಡನ್ನೂ ಒಟ್ಟಿಗೆ ನಡೆಸುವ ಮಿಶ್ರ ಮೋಡ್ ಇದೆ. ಅದರಲ್ಲಿ ಪಾಸ್‌ವರ್ಡ್ ಒಂದೇ ಆದ್ದರಿಂದ ಡಬ್ಲ್ಯುಪಿಎ2 ಕಡೆಯಿಂದ ಹಿಡಿದ ಹ್ಯಾಂಡ್‌ಶೇಕಿನಿಂದಲೇ ಅದನ್ನು ಊಹಿಸಬಹುದು. ಮಿಶ್ರ ಮೋಡ್ ಇಡುವವರು ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳ ಉದ್ದ ಪಾಸ್‌ವರ್ಡೇ ಇಡಬೇಕು.

ಮನೆಗೆ ಇಷ್ಟು ಸಾಕು. ಆದರೆ ಡಬ್ಲ್ಯುಪಿಎ3 ಕೂಡ ನನ್ನ ಮೊದಲ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಬಿಟ್ಟುಹೋದ ಕ್ಯಾಪ್ಟನ್‌ಗೆ ಪಾಸ್‌ವರ್ಡನ್ನು ಊಹಿಸುವ ಕಷ್ಟವೇ ಇರಲಿಲ್ಲ.

ಒಬ್ಬೊಬ್ಬರಿಗೆ ಒಂದೊಂದು

ನಡುದಾರಿಯೊಂದಿದೆ: ವೈಫೈ ಹೆಸರು ಒಂದೇ, ಪಾಸ್‌ವರ್ಡ್ ಒಬ್ಬೊಬ್ಬರಿಗೆ ಬೇರೆ. ಬೇರೆ ಬೇರೆ ಕಂಪನಿಗಳು ಬೇರೆ ಹೆಸರಿನಲ್ಲಿ ಕೊಡುತ್ತವೆ, ನಾವು ಕೆಲಸದವರು ಪಿಪಿಎಸ್‌ಕೆ ಎನ್ನುತ್ತೇವೆ. ಅರವತ್ತು ಹುಡುಗರಿರುವ ಒಂದು ಹಾಸ್ಟೆಲಿಗೆ ನಾನು ಹಾಕಿಕೊಟ್ಟದ್ದು ಇದನ್ನೇ. ಊರಿನಿಂದ ಬಂದ ಹುಡುಗ ಡಿಪಾಸಿಟ್ ಕಟ್ಟಿ ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ವಾರ್ಡನ್ ಅವನಿಗೊಂದು ಚೀಟಿ ಹರಿದು ಕೊಡುತ್ತಾರೆ. ಕೋಣೆ ಖಾಲಿ ಮಾಡಿದ ದಿನ ಆ ಒಂದು ಸಾಲು ಅಳಿಸುತ್ತಾರೆ, ಉಳಿದ ಐವತ್ತೊಂಬತ್ತು ಜನರಿಗೆ ಗೊತ್ತೇ ಆಗುವುದಿಲ್ಲ. ಪಾಸ್‌ವರ್ಡ್ ನೋಡಿಯೇ ವಿಲ್ಯಾನ್, ಅಂದರೆ ಒಂದೇ ನೆಟ್‌ವರ್ಕಿನೊಳಗೆ ಗೋಡೆ ಹಾಕಿದ ಬೇರೆ ಭಾಗ, ಬದಲಿಸಲೂ ಬರುತ್ತದೆ. ಪ್ರಿಂಟರ್, ಕ್ಯಾಮೆರಾದಂಥ ಮೂಕ ಯಂತ್ರಗಳಿಗೆ ಇದಕ್ಕಿಂತ ಒಳ್ಳೆಯದು ಸಿಗದು.

ಇದರ ಮಿತಿ ತಿಳಿದಿರಲಿ. ಇದು ಸಾಮಾನ್ಯವಾಗಿ ಡಬ್ಲ್ಯುಪಿಎ2 ಮೇಲೆಯೇ ನಡೆಯುತ್ತದೆ. ಎಸ್‌ಎಇಯಲ್ಲಿ ಮೊದಲ ಸಂದೇಶವೇ ಪಾಸ್‌ವರ್ಡಿನಿಂದ ಹುಟ್ಟುವುದರಿಂದ, ಅರವತ್ತರಲ್ಲಿ ಯಾವುದನ್ನು ಹಿಡಿದು ಉತ್ತರಿಸಬೇಕೆಂದು ಆ್ಯಕ್ಸೆಸ್ ಪಾಯಿಂಟಿಗೆ ತಿಳಿಯುವುದಿಲ್ಲ. ಆದ್ದರಿಂದ ಪಾಸ್‌ವರ್ಡನ್ನು ಹುಡುಗರ ಇಷ್ಟಕ್ಕೆ ಬಿಡದೆ ಯಂತ್ರದಿಂದಲೇ ತೆಗೆಸಿ, ಹದಿನಾರು ಅಕ್ಷರಕ್ಕೆ ಕಡಿಮೆ ಬೇಡ.

ವಾಚ್‌ಮನ್ ಮೇಲೆ ಫೋನ್ ಮಾಡಿ ಕೇಳುವ ವಿಧಾನ

ಒಳ್ಳೆಯ ಸೊಸೈಟಿಯಲ್ಲಿ ವಾಚ್‌ಮನ್ ತಾನೇ ತೀರ್ಮಾನ ಮಾಡುವುದಿಲ್ಲ. ಇಂಟರ್‌ಕಾಮ್ ಎತ್ತಿ ಮೇಲೆ ಕೇಳುತ್ತಾನೆ, ಬಿಡು ಎಂದರೆ ಬಿಡುತ್ತಾನೆ. 802.1ಎಕ್ಸ್ ಎಂದರೆ ಇದೇ. ಫೋನ್ ಬಂದ ಅತಿಥಿ, ಆ್ಯಕ್ಸೆಸ್ ಪಾಯಿಂಟ್ ವಾಚ್‌ಮನ್, ಮೇಲೆ ಕೂತು ಉತ್ತರ ಕೊಡುವುದು ರೇಡಿಯಸ್ ಸರ್ವರ್. ಯುಡಿಪಿ 1812ನೇ ಪೋರ್ಟಿನಲ್ಲಿ ಪ್ರಶ್ನೆ ಹೋಗುತ್ತದೆ, ಒಪ್ಪಿಗೆ ಅಥವಾ ನಿರಾಕರಣೆ ಬರುತ್ತದೆ. ಒಪ್ಪಿಗೆಯ ಜೊತೆಗೆ "ಇವರನ್ನು 20ನೇ ವಿಲ್ಯಾನಿಗೆ ಬಿಡು" ಎಂಬ ಸೂಚನೆಯೂ ಬರಬಹುದು. ಗೇಟು ಮತ್ತು ಲಿಫ್ಟು ಎರಡಕ್ಕೂ ಒಂದೇ ಕಡೆಯಿಂದ ಉತ್ತರ ಸಿಗುವುದರಿಂದ ನನಗೆ ಈ ವಿಧಾನದ ಮೇಲೆ ಇಷ್ಟು ಪ್ರೀತಿ. ಪ್ರತಿ ಗುಂಪಿಗೂ ಒಂದೊಂದು ವೈಫೈ ಹೆಸರು ಇಡುವ ಅಗತ್ಯವೂ ಇಲ್ಲ. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನನ್ನು ತಾನೇ ಕೂಗಿಕೊಳ್ಳುತ್ತದೆ, ಹೆಸರು ಹೆಚ್ಚಿದಷ್ಟೂ ಗಾಳಿ ಗಿಜಿಗುಡುತ್ತದೆ.

ಫೋನ್ ಮತ್ತು ರೇಡಿಯಸ್ ಯಾವ ಭಾಷೆಯಲ್ಲಿ ಮಾತಾಡಬೇಕು ಎನ್ನುವಲ್ಲಿ ನಿಜವಾದ ಆಯ್ಕೆ ಇದೆ. ಹೆಚ್ಚು ಜನ ಬಳಸುವುದು ಪೀಪ್ ಎಂಬ ಗೂಢಲಿಪಿಯ ಸುರಂಗ, ಅದರೊಳಗೆ ಪಾಸ್‌ವರ್ಡ್ ಪರೀಕ್ಷಿಸುವ ಎಂಎಸ್‌ಚಾಪ್ ವಿ2. ಹೆಸರು, ಪಾಸ್‌ವರ್ಡ್ ಹೊಡೆದರೆ ಆಯಿತು, ಸುಲಭ. ಆದರೆ ಅದರ ರಕ್ಷಣೆಯೆಲ್ಲ ನಿಂತಿರುವುದು ಫೋನ್ ಸರ್ವರಿನ ಗುರುತುಚೀಟಿಯಾದ ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆಯೇ ಎಂಬುದರ ಮೇಲೆ. ಶೆಟ್ರ ಮಗನಿಗೆ ಇದನ್ನು ಅವನದೇ ಐಫೋನಿನಲ್ಲಿ ತೋರಿಸಿದೆ. ಅದೇ ವೈಫೈ ಹೆಸರಿನ ಇನ್ನೊಂದು ಪುಟ್ಟ ಆ್ಯಕ್ಸೆಸ್ ಪಾಯಿಂಟನ್ನು ನನ್ನ ಬ್ಯಾಗಿನಲ್ಲಿ ಹಚ್ಚಿಟ್ಟು ಅವನ ಪಕ್ಕ ಕೂತೆ. ಫೋನ್ ಒಂದು ಅಪರಿಚಿತ ಪ್ರಮಾಣಪತ್ರ ತೋರಿಸಿ ಕೇಳಿತು. ಅವನು ಓದದೆ "ಟ್ರಸ್ಟ್" ಒತ್ತಿದ. ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಿ ಅವನ ಯೂಸರ್ ಹೆಸರು, ಕೆಳಗೆ ಸವಾಲು ಮತ್ತು ಉತ್ತರದ ಎರಡು ಉದ್ದ ಸಾಲುಗಳು ಬಂದು ನಿಂತವು. ಆ ಉತ್ತರವನ್ನು ಒಡೆಯುವ ಕೆಲಸ ಹಳೆಯ ಡಿಇಎಸ್ ಗೂಢಲಿಪಿಯ 56 ಬಿಟ್‌ನ ಒಂದೇ ಒಂದು ಕೀಲಿ ಹುಡುಕುವಷ್ಟಕ್ಕೆ ಇಳಿಯುತ್ತದೆ ಎಂದು 2012ರಲ್ಲೇ ತೋರಿಸಿಕೊಟ್ಟಿದ್ದಾರೆ. "ಅಕ್ಕ, ನಾನು ಒಂದು ಬಟನ್ ಒತ್ತಿದ್ದಷ್ಟೇ ಅಲ್ವಾ?" ಎಂದ ಅವನು. ಹೌದು, ಅಷ್ಟೇ.

ಹಾಗಾಗಿ ಪೀಪ್ ಇಡುವುದಾದರೆ ಪ್ರತಿ ಫೋನಿಗೂ ನಿಮ್ಮ ಮೂಲ ಪ್ರಮಾಣಪತ್ರ ಹಾಕಿ, ಸರ್ವರಿನ ಹೆಸರು ನಮೂದಿಸಿ, ಬಳಸುವವರಿಗೆ ಆ ಬಟನ್ ಕಾಣದಂತೆ ಪ್ರೊಫೈಲ್ ಮಾಡಿಕೊಡಿ. ಪೀಪ್ ಥರದ್ದೇ ಇನ್ನೊಂದು ವಿಧಾನವಾದ ಟಿಟಿಎಲ್ಎಸ್ ಒಳಗೆ ಪ್ಯಾಪ್ ಬಳಸುವವರು ಇನ್ನೂ ಹುಷಾರಾಗಿರಬೇಕು, ನಕಲಿ ಸರ್ವರಿಗೆ ಅದು ಪಾಸ್‌ವರ್ಡನ್ನು ಇದ್ದಂತೆಯೇ ಕೊಡುತ್ತದೆ.

ಇಷ್ಟೆಲ್ಲ ಮಾಡುವುದೇ ಆದರೆ ನಾನು ಇಎಪಿ-ಟಿಎಲ್ಎಸ್‌ಗೇ ಹೋಗಿ ಎನ್ನುತ್ತೇನೆ. ಇದರಲ್ಲಿ ಫೋನಿಗೂ ಸ್ವಂತ ಪ್ರಮಾಣಪತ್ರ. ಹೊಡೆಯಲು ಪಾಸ್‌ವರ್ಡೇ ಇಲ್ಲ, ಕದಿಯಲು, ಹೇಳಿಕೊಡಲು, ಗೋಡೆಯ ಮೇಲೆ ಬರೆಯಲು ಏನೂ ಇಲ್ಲ. ಶೆಟ್ರ ಹೋಟೆಲಿನ ಆರು ಫೋನುಗಳಿಗೆ ಒಂದು ಸಂಜೆಯಲ್ಲಿ ಹಾಕಿ ಮುಗಿಸಿದೆ. ಗಲ್ಲಾದ ಹಿಂದಿನ ಕಪಾಟಿನಲ್ಲಿ ಒಂದು ಮಿನಿ ಪಿಸಿ, ಅದರಲ್ಲಿ ಉಚಿತವಾಗಿ ಸಿಗುವ ರೇಡಿಯಸ್ ತಂತ್ರಾಂಶ ಫ್ರೀರೇಡಿಯಸ್. ಜೊತೆಗೆ ಬರುವ ಮಾದರಿ ಪ್ರಮಾಣಪತ್ರಗಳು ಪರೀಕ್ಷೆಗೆ ಮಾತ್ರ, ಸ್ವಂತದ್ದು ಮಾಡಿಕೊಳ್ಳಿ. ಮೊದಲ ಸಲ ಡೀಬಗ್ ಮೋಡಿನಲ್ಲಿ ಓಡಿಸಿ ಒಂದು ಫೋನ್ ಸೇರಿಸಿ ನೋಡಿ, ತಪ್ಪು ಎಲ್ಲಿದೆ ಎಂದು ಅದೇ ಸಾಲು ಸಾಲಾಗಿ ಹೇಳುತ್ತದೆ.

ಆ್ಯಕ್ಸೆಸ್ ಪಾಯಿಂಟ್ ಮತ್ತು ರೇಡಿಯಸ್ ನಡುವಿನ ಗುಟ್ಟಿನ ಪದ ಉದ್ದವಿರಲಿ, ಆ ಮಾತುಕತೆ ಕಟ್ಟಡದ ಒಳಗೇ ಇರಲಿ. ಬೇರೆ ಶಾಖೆಗೆ ಇಂಟರ್ನೆಟ್ ಮೇಲೆ ಹೋಗಬೇಕಾದರೆ ಟಿಎಲ್ಎಸ್ ಹೊದಿಕೆಯ ರಾಡ್‌ಸೆಕ್ ಬಳಸಿ. 2024ರ ಬ್ಲಾಸ್ಟ್‌ರೇಡಿಯಸ್ ದೋಷ ಹಳೆಯ ಎಂಡಿ5 ಲೆಕ್ಕದಿಂದ ಬಂದದ್ದು. 802.1ಎಕ್ಸ್ ಬಳಸುವ ಇಎಪಿ ಸಂದೇಶಗಳಿಗೆ ಮೊದಲಿಂದಲೂ ಹೆಚ್ಚುವರಿ ಮುದ್ರೆ ಕಡ್ಡಾಯವಾಗಿದ್ದರಿಂದ ಅವಕ್ಕೆ ಅದು ತಟ್ಟಲಿಲ್ಲ. ಆದರೂ ಸರ್ವರನ್ನು ಅಪ್‌ಡೇಟ್ ಮಾಡಿಡಿ.

ಗಡಿಯಾರ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಫೋರ್ಟಿನ ಒಂದು ಸಿಎ ಆಫೀಸಿಗೆ ಇಎಪಿ-ಟಿಎಲ್ಎಸ್ ಹಾಕಿದ್ದೆ, ಇಪ್ಪತ್ತೆರಡು ಲ್ಯಾಪ್‌ಟಾಪ್. ಜುಲೈ ಕೊನೆಯ ವಾರ, ರಿಟರ್ನ್ ತುಂಬುವ ಗಡುವು, ಹೊರಗೆ ಜಡಿಮಳೆ. ಕರೆಂಟ್ ಹೋಗಿ ಒಂದು ಗಂಟೆ ಬಿಟ್ಟು ಬಂತು. ಆಮೇಲೆ ಒಂದೇ ಒಂದು ಲ್ಯಾಪ್‌ಟಾಪ್ ಸೇರಲಿಲ್ಲ. ಮಳೆಯಲ್ಲಿ ಲೋಕಲ್ ತಡವಾಗಿ ನಾನು ತಲುಪುವಾಗ ಮಧ್ಯಾಹ್ನ ಮೂರಾಗಿತ್ತು. ಲಾಗ್ ತೆರೆದರೆ ಎಲ್ಲರ ಪ್ರಮಾಣಪತ್ರಕ್ಕೂ ಒಂದೇ ದೂರು: ಇನ್ನೂ ಚಾಲ್ತಿಗೆ ಬಂದಿಲ್ಲ. ಮಿನಿ ಪಿಸಿಯೊಳಗಿನ ನಾಣ್ಯದಂಥ ಬ್ಯಾಟರಿ ಸತ್ತು, ಕರೆಂಟ್ ಹೋದಾಗ ಗಡಿಯಾರ ಹಲವು ವರ್ಷ ಹಿಂದಕ್ಕೆ ಓಡಿತ್ತು. ಇಂಟರ್ನೆಟ್ ಲೈನೂ ಕೆಟ್ಟಿದ್ದರಿಂದ ಸಮಯ ಸರಿಮಾಡಿಕೊಳ್ಳಲು ಅದಕ್ಕೆ ದಾರಿಯಿರಲಿಲ್ಲ. ಹಳೆಯ ಪಿಸಿ ಹಾಕುವಾಗ ಆ ಸಿಆರ್2032 ಬ್ಯಾಟರಿಯನ್ನು ನಾನು ಬದಲಿಸಿರಲಿಲ್ಲ, ತಪ್ಪು ನನ್ನದೇ. ಈಗ ಹೊಸ ಬ್ಯಾಟರಿ ಮತ್ತು ಚಿಕ್ಕ ಯುಪಿಎಸ್ ಇಲ್ಲದೆ ರೇಡಿಯಸ್ ಇಡುವುದಿಲ್ಲ, ಸಾಧ್ಯವಾದಲ್ಲೆಲ್ಲ ಎರಡನೇ ಸರ್ವರ್ ಇಡುತ್ತೇನೆ. ಪ್ರಮಾಣಪತ್ರದ ಅವಧಿ ಮುಗಿಯುವ ತಾರೀಕನ್ನು ಒಂದು ತಿಂಗಳು ಮುಂಚೆಯೇ ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಗಿರಾಕಿಗಳ ವೈಫೈ

2008ರ ಜುಲೈ 26ರಂದು ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಸುದ್ದಿ ವಾಹಿನಿಗಳಿಗೆ ಬಂದ ಇಮೇಲಿನ ಜಾಡು ನವಿ ಮುಂಬೈಯ ಸಾನಪಾಡಾದ ಒಂದು ಫ್ಲಾಟಿನ ವೈಫೈಗೆ ಬಂದು ನಿಂತಿತ್ತು. ಅಲ್ಲಿದ್ದ ಅಮೆರಿಕದ ಪ್ರಜೆಯ ಸಂಪರ್ಕವನ್ನು ಬೇರೆಯವರು ಬಳಸಿದ್ದರು. ನಮ್ಮ ಕಡೆಯ ಹೋಟೆಲ್ ಮಾಲಕರಿಗೆ ನಾನು ಇದನ್ನು ಯಾವಾಗಲೂ ನೆನಪಿಸುತ್ತೇನೆ: ಬಳಸಿದವರು ಯಾರೇ ಇರಲಿ, ಪೊಲೀಸರು ಮೊದಲು ಬರುವುದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ಆದ್ದರಿಂದ ಗಿರಾಕಿಗಳಿಗೆ ಮೊಬೈಲ್ ಒಟಿಪಿ ಕೇಳುವ ಪುಟ ಇಡಿ, ಯಾರು ಯಾವಾಗ ಬಂದರೆಂಬ ದಾಖಲೆ ಉಳಿಯಲಿ. ಆದರೆ ಆ ಪುಟವನ್ನು ಬೀಗ ಎಂದು ನಂಬಬೇಡಿ. ಒಟಿಪಿ ಹೊಡೆದ ಮೇಲೆ ಅದು ಗುರುತಿಡುವುದು ಮ್ಯಾಕ್ ವಿಳಾಸವನ್ನೇ, ಮತ್ತು ತೆರೆದ ವೈಫೈಯಲ್ಲಿ ಗಾಳಿಯಲ್ಲಿ ಹೋಗುವುದು ಗೂಢಲಿಪಿಯಿಲ್ಲದೆ ಹೋಗುತ್ತದೆ. ಹೊಸ ಆ್ಯಕ್ಸೆಸ್ ಪಾಯಿಂಟುಗಳಲ್ಲಿ ಒಡಬ್ಲ್ಯುಇ ಎಂಬುದಿದೆ, ಪಾಸ್‌ವರ್ಡ್ ಕೇಳದೆಯೇ ಪ್ರತಿಯೊಬ್ಬರ ಸಂಭಾಷಣೆಗೂ ಬೇರೆ ಗೂಢಲಿಪಿ ಹಾಕುತ್ತದೆ. ಯಾರು ಎಂದು ಅದು ಕೇಳುವುದಿಲ್ಲ, ಹಾಗಾಗಿ ಒಟಿಪಿ ಪುಟದ ಜೊತೆಗೇ ಇಡಬೇಕು.

ಹೊರಟ ದಿನದ ಪರೀಕ್ಷೆ

ಎಲ್ಲ ಹಾಕಿಯಾದ ಮೇಲೆ ಎರಡು ಪರೀಕ್ಷೆ ಮಾಡಿ. ಗಿರಾಕಿಗಳ ವೈಫೈಗೆ ಸೇರಿ ಬಿಲ್ಲಿಂಗ್ ಮಷಿನ್, ಪ್ರಿಂಟರ್, ರೆಕಾರ್ಡರ್ ಮೂರರ ವಿಳಾಸಕ್ಕೂ ಹೋಗಲು ನೋಡಿ, ಒಂದೂ ತೆರೆಯಬಾರದು.

ಎರಡನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಒಬ್ಬರನ್ನು ತೆಗೆದುಹಾಕಿ ನೋಡಿ. ಶೆಟ್ರ ಎದುರೇ ಒಬ್ಬ ಕ್ಯಾಪ್ಟನ್‌ನ ಪ್ರಮಾಣಪತ್ರ ರದ್ದು ಮಾಡಿದೆ. ಅವನ ಫೋನಿನಲ್ಲಿ ವೈಫೈ ಚಿಹ್ನೆ ಹಾಗೆಯೇ ಇತ್ತು, ಆರ್ಡರ್ ಕೂಡ ಹೋಯಿತು. ಕಾರಣ, ರೇಡಿಯಸ್ ಕೇಳುವುದು ಒಳಗೆ ಬರುವಾಗ ಮಾತ್ರ, ಆಗಲೇ ಒಳಗಿದ್ದವರನ್ನು ಅದು ತಾನಾಗಿ ಎಬ್ಬಿಸುವುದಿಲ್ಲ. ಅದಕ್ಕೆ ಎರಡು ದಾರಿ: ಇಂತಿಷ್ಟು ಹೊತ್ತಿಗೊಮ್ಮೆ ಮತ್ತೆ ಕೇಳು ಎಂದು ಸಮಯ ಗೊತ್ತುಮಾಡುವುದು, ಅಥವಾ ಯುಡಿಪಿ 3799ರಲ್ಲಿ ಆ್ಯಕ್ಸೆಸ್ ಪಾಯಿಂಟಿಗೆ ಈಗಲೇ ಹೊರಹಾಕು ಎಂಬ ಸಂದೇಶ ಕಳಿಸುವುದು. ಜೊತೆಗೆ ರದ್ದಾದ ಪ್ರಮಾಣಪತ್ರಗಳ ಪಟ್ಟಿಯನ್ನು ಪರೀಕ್ಷಿಸುವ ಆಯ್ಕೆ ಫ್ರೀರೇಡಿಯಸ್‌ನಲ್ಲಿ ತಾನಾಗಿ ಆನ್ ಇರುವುದಿಲ್ಲ, ನಾವೇ ಮಾಡಬೇಕು. ಎರಡನ್ನೂ ಸರಿಮಾಡಿ ಮತ್ತೆ ನೋಡಿದೆವು. ಫೋನ್ ಕಳಚಿಕೊಂಡಿತು, ಮತ್ತೆ ಸೇರಲು ಹೋಗಿ ನಿರಾಕರಣೆ ಪಡೆಯಿತು. ಉಳಿದ ಐದು ಫೋನುಗಳಲ್ಲಿ ಆರ್ಡರ್ ನಡೆಯುತ್ತಲೇ ಇತ್ತು.

ಶೆಟ್ರು ಒಂದು ಕಾಗದದಲ್ಲಿ ಆರು ಹೆಸರು, ಪಕ್ಕದಲ್ಲಿ ಪ್ರಮಾಣಪತ್ರದ ನಂಬರ್, ಅದರ ಪಕ್ಕ ಒಂದು ಖಾಲಿ ಅಂಕಣ ಬರೆದು ಸಂಬಳದ ಪುಸ್ತಕದೊಳಗೆ ಅಂಟಿಸಿಕೊಂಡರು. ಯಾರಾದರೂ ಲೆಕ್ಕ ಚುಕ್ತಾ ಮಾಡಲು ಬಂದರೆ ಮೊದಲು ಆ ಅಂಕಣದಲ್ಲಿ ತಾರೀಕು ಬೀಳಬೇಕು.